ದಡಿ ಕತ್ತರಿಸದ ಹಾಡು

ಹೋದ ಮಳೆಗಾಲದ ಒಂದು ಭಾನುವಾರ ನನ್ನ ಮೊಮ್ಮಗಳು ಅಶ್ವಿನಿ ಬೀದರದಿಂದ ಭಾಲ್ಕಿಗೆ ಬಂದವಳೇ, ಕಾಲಿಗೆ ನೀರು ಹಾಕಿಕೊಳ್ಳುವ ಮೊದಲು ನನ್ನ ಎರಡೂ ಕಿವಿಯ ಮೇಲೆ ಎರಡು ಕರಿ ಬಟ್ಟಲು ಕವುಚಿಬಿಟ್ಟಳು. ಅದಕ್ಕೆ ಹೆಡ್‌ಫೋನ್ ಎನ್ನುತ್ತಾರಂತೆ. ಒಳಗೆ ಹೊಸ ಲೋಡುದಿಂಬಿನ ಹಾಗೆ ಮೆತ್ತಗೆ. ಹಾಕಿಕೊಂಡ ಕೂಡಲೆ ಭಾಲ್ಕಿ ಎಂಬ ಊರೇ ಇಲ್ಲವಾಯಿತು ನೋಡಿ! ಬಸ್ಸಿನ ಹಾರ್ನಿಲ್ಲ, ಓಣಿಯ ಹಿಟ್ಟಿನ ಗಿರಣಿಯಿಲ್ಲ, ಮೂಲೆಯ ಕುರ್ಚಿಯಲ್ಲಿ ಕೂತು ನಮ್ಮ ಮನೆಯವರು ಗೊಣಗುವುದೂ ಇಲ್ಲ. ಬಾಯಿ ಮಾತ್ರ ಅಲ್ಲಾಡುತ್ತಿತ್ತು. ಮದುವೆಯಾದ ವರ್ಷವೇ ಇಂಥದೊಂದು ಸಿಕ್ಕಿದ್ದರೆ ನನ್ನ ಸಂಸಾರ ಇನ್ನೂ ಸುಖವಾಗಿರುತ್ತಿತ್ತು ಅಂದುಕೊಂಡೆ.

ಅಶ್ವಿನಿ ಒಂದು ಕಡೆಯ ಬಟ್ಟಲು ಎತ್ತಿ ಹೇಳಿದಳು: "ಆಯಿ, ಒಂದೇ ಹಾಡು ಮೂರು ಸಲ ಹಚ್ತೀನಿ. ಯಾವುದು ಛಲೋ ಅದ ಹೇಳು."

ಕೇಳಿದೆ. ಮೊದಲನೆಯದು ಚೆನ್ನಾಗಿತ್ತು. ಎರಡನೆಯದು ಬಂದಾಗ ಮೈ ಜುಂ ಎಂದಿತು. ಮೂರನೆಯದು ಸಪ್ಪೆ.

"ನಡುವಿಂದೇ ಛಲೋ" ಎಂದೆ ಎದೆಯುಬ್ಬಿಸಿ. "ಅದರಾಗ ಖದರ್ ಅದ."

ಹುಡುಗಿ ನೆಲದ ಮೇಲೆ ಕೂತು ನಕ್ಕದ್ದೇ ನಕ್ಕದ್ದು. "ಮೂರೂ ಒಂದೇ ಆಯಿ! ನಡುವಿಂದು ಜರಾ ಜೋರು ಇಟ್ಟಿದ್ದೆ, ಅಷ್ಟೇ. ಎಲ್ಲಾರೂ ಹಿಂಗೇ ಮೋಸ ಹೋಗ್ತಾರ. ಕಿವಿಗಿ ಜೋರಿದ್ದುದೇ ಛಲೋ ಅನಸ್ತದ. ಅದಕ್ಕ ಎರಡು ಹಾಡು ತೂಗೋ ಮುಂದ ಮೊದಲು ಅವುಗಳ ಜೋರು ಸಮ ಮಾಡ್ಕೋಬೇಕು, ತಕ್ಕಡಿ ಸಮ ಮಾಡ್ಕೊಂಡಂಗ."

ನನಗೇನೂ ಅವಮಾನವಾಗಲಿಲ್ಲ. ನಾನು ಹಲಬರ್ಗಾದವಳು. ನಮ್ಮಪ್ಪ ಭಜನೆ ಹಾಡುವವರನ್ನು ಅಳೆಯುತ್ತಿದ್ದುದೇ ಹಾಗೆ. ಹೊಲದಲ್ಲಿ ಕಾವಲು ಮಲಗಿದವನಿಗೆ ಕೇಳಿಸಿದರೆ ಅವನು ಗಾಯಕ. ಊರ ಅಗಸಿ ಬಾಗಿಲವರೆಗೆ ಕೇಳಿಸಿದರೆ ಪರವಾಗಿಲ್ಲ. ಕಟ್ಟೆಯ ಮೇಲೇ ಉಳಿದುಹೋದರೆ ಅವನನ್ನು ಪ್ರಸಾದ ಹಂಚುವುದಕ್ಕೆ ಹಚ್ಚಬೇಕು. ಮೈಕಿಲ್ಲದ ಕಾಲದ ಕಿವಿ ನನ್ನದು. ಜೋರಿಗೆ ಸೋತರೆ ತಪ್ಪು ನನ್ನದಲ್ಲ, ನಮ್ಮಪ್ಪನದು.

ಈ ಅಶ್ವಿನಿಯ ವಿಷಯ ಒಂದಿಷ್ಟು ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದು ಬರೆಯಲು ನನ್ನ ಕೈ ಓಡುವುದಿಲ್ಲ. ನನ್ನ ಹಿರಿಮಗನ ಮಗಳು. ಬೀದರದ ಒಂದು ಆಸ್ಪತ್ರೆಯಲ್ಲಿ ಎಕ್ಸರೇ ತೆಗೆಯುತ್ತಾಳೆ. ಹಗಲೆಲ್ಲ ಜನರ ಎಲುಬು ನೋಡುವುದು ಅವಳ ನೌಕರಿ. ಮನೆಗೆ ಬಂದು ಹಾಡಿನ ಎಲುಬು ನೋಡುವುದು ಅವಳ ಹುಚ್ಚು. ಹಳೆ ಕ್ಯಾಸೆಟ್ಟು, ಹಳೆ ಗ್ರಾಮಾಫೋನ್ ತಟ್ಟೆ ಎಲ್ಲಿ ಸಿಕ್ಕರೂ ತಂದು ಕಂಪ್ಯೂಟರಿಗೆ ಇಳಿಸುತ್ತಾಳೆ. ಬೇರೆಯವರು ಇಳಿಸಿದ್ದು ಸಿಕ್ಕರೆ, ಅದು ಖರೆಯೋ ಖೋಟಿಯೋ ಎಂದು ಪರೀಕ್ಷೆ ಮಾಡಿ ತೀರ್ಪು ಕೊಡುತ್ತಾಳೆ. ಎಲ್ಲೆಲ್ಲಿಯವರೋ ಅವಳಿಗೆ ಹಾಡು ಕಳಿಸಿ, ಇದು ಅಸಲಿ ಹೌದೋ ಅಲ್ಲವೋ ಹೇಳಿ ತಂಗಿ ಎಂದು ಕೇಳುತ್ತಾರೆ. ನಾನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟ ಹೆಂಗಸು, ನನ್ನ ಮೊಮ್ಮಗಳು ಹಾಡಿಗೆ ನ್ಯಾಯಾಧೀಶಳು! ನನ್ನ ಹೊಗಳಿಕೆ ಹೆಚ್ಚಾಯಿತು ಅನ್ನಿಸಿದರೆ ಓದುವವರೇ ತುಸು ಕಡಿಮೆ ಮಾಡಿಕೊಳ್ಳಿ. ನನ್ನಿಂದ ಆಗುವುದಿಲ್ಲ.

ಅವಳ ಬಾಯಲ್ಲಿ ಸದಾ ಒಂದು ಮಾತು: ಲಾಸ್‌ಲೆಸ್. ಹಾಗಂದರೇನೆಂದು ಒಮ್ಮೆ ಕೇಳಿದೆ.

"ಆಯಿ, ನಿನ್ನ ಇಳಕಲ್ ಸೀರಿ ಪೆಟ್ಟಿಗ್ಯಾಗ ಹ್ಯಾಂಗ ಇಡ್ತಿ?"

"ಮಡಚಿ ಇಡ್ತೀನಿ."

"ಪೆಟ್ಟಿಗಿ ಸಣ್ಣದಿದ್ರ?"

"ಇನ್ನಾ ಸಣ್ಣಗ ಮಡಚ್ತೀನಿ."

"ಹಿಡಸಲ್ಲಂತ ಕತ್ತರಿ ತಗೊಂಡು ದಡಿ, ಸೆರಗು ಕತ್ತರಿಸಿ ಒಗೀತಿ ಏನು?"

"ನಿನ್ನ ಬಾಯಾಗ ಮಣ್ಣ ಬೀಳ್ಲಿ, ಅಂಥಾ ಮಾತು ಆಡ್ತಾರೇನ ಇಳಕಲ್ ಸೀರಿಗಿ?"

"ಹಾಂ, ಮಡಚಿಟ್ಟದ್ದು ಲಾಸ್‌ಲೆಸ್. ಬಿಚ್ಚಿ ನೋಡಿದ್ರ ಒಂದು ಎಳಿ ಕಮ್ಮಿ ಇರಂಗಿಲ್ಲ. ಮಂದಿ ಮೊಬೈಲ್‌ನ್ಯಾಗ ಒಬ್ಬರಿಗೊಬ್ಬರು ಕಳಸ್ತಾರಲ್ಲ, ಅದು ದಡಿ ಕತ್ತರಿಸಿದ ಸೀರಿ. ಮೈ ಮುಚ್ತದ, ಆದ್ರ ಸೀರಿ ಅನ್ಲಾಕ ಬರಂಗಿಲ್ಲ."

ಇಷ್ಟು ಚಂದ ಹೇಳಿಕೊಡುವವರು ನನಗೆ ಸಾಲಿಯಲ್ಲಿ ಸಿಕ್ಕಿದ್ದರೆ ಐದನೆಯದನ್ನೂ ಓದುತ್ತಿದ್ದೆ.

ಅವತ್ತು ಅವಳು ನನ್ನ ಕಿವಿ ಪರೀಕ್ಷೆ ಮಾಡಿದ್ದಕ್ಕೆ ಒಂದು ಕಾರಣವಿತ್ತು. ಮನೆಯ ಕ್ಯಾಸೆಟ್ಟಿನ ಕೆಲಸ ಹಿಡಿಯುವವಳಿದ್ದಳು.

ನಮ್ಮ ಮನೆಗೆ ಒಂದು ಕ್ಯಾಸೆಟ್ಟಿನಿಂದ ಬಂದ ಹೆಸರಿದೆ. ನಮ್ಮ ಭಾವನವರು, ಎಂದರೆ ನಮ್ಮ ಮನೆಯವರ ಅಣ್ಣ, ತತ್ವಪದ ಹಾಡುತ್ತಿದ್ದರು. ಅಮಾವಾಸ್ಯೆಗೊಮ್ಮೆ ಮಠದಲ್ಲಿ ಏಕತಾರಿ ಹಿಡಿದು ಕೂತರೆ ಜನ ಏಳುತ್ತಿರಲಿಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಬೀದರದಲ್ಲಿ ಅವರದೊಂದು ಆಲ್ಬಂ ರೆಕಾರ್ಡ್ ಆಯಿತು. ಕವರಿನ ಮೇಲೆ ಭಾವನವರ ಫೋಟೋ, ಕೆಳಗೆ ದಮ್ಮಡಿ ಬಾರಿಸಿದವರ ಹೆಸರು, ಅದರ ಕೆಳಗೆ 'ತಾಳ' ಎಂದು ಬರೆದು ನಮ್ಮ ಮನೆಯವರ ಹೆಸರು.

ತಾಳ ಹಾಕಿದವಳು ನಾನು.

ಹೌದು, ನಾನೇ. ಹಲಬರ್ಗಾದಲ್ಲಿ ಹುಡುಗಿಯರನ್ನು ಭಜನೆಯ ಕಟ್ಟೆಗೆ ಬಿಡುತ್ತಿರಲಿಲ್ಲ. ನಾನು ಅಡುಗೆಮನೆಯಲ್ಲಿ ಕೂತು ಎರಡು ಹಿತ್ತಾಳೆ ಡಬ್ಬಿಯ ಮುಚ್ಚಳ ಹಿಡಿದು, ಕಟ್ಟೆಯಿಂದ ಬರುವ ಹಾಡಿಗೆ ಬಡಿಯುತ್ತಿದ್ದೆ. ಒಂದು ಮುಚ್ಚಳದಲ್ಲಿ ಅರಿಷಿಣದ ವಾಸನೆ, ಇನ್ನೊಂದರಲ್ಲಿ ಖಾರದ್ದು, ಬಡಿದಾಗೆಲ್ಲ ಸೀನು. ನಮ್ಮವ್ವ ಒಲೆಯ ಮುಂದೆ ಕೂತು ಬೈಯುತ್ತಿದ್ದಳು. "ಮುಚ್ಚಳ ಸೀಳಿದ್ರ ನಿನ್ನ ತಲಿ ಮುಚ್ತೀನಿ ಡಬ್ಬಿಗಿ!" ಆದರೆ ನಾನು ತಪ್ಪಿದರೆ ಅವಳ ರೊಟ್ಟಿ ಬಡಿಯುವ ಕೈಯೂ ತಪ್ಪುತ್ತಿತ್ತು. ತಪ್ಪಿದಾಗ ಹೊರಳಿ ನೋಡುತ್ತಿದ್ದಳು. ಅವಳೇ ನನ್ನ ಗುರು ಅಂದರೂ ನಡೆಯುತ್ತದೆ.

ರೆಕಾರ್ಡಿಂಗ್ ದಿವಸ ನಾನು ಬೀದರಕ್ಕೆ ಹೋದದ್ದು ರೊಟ್ಟಿಯ ಗಂಟು ಹೊತ್ತುಕೊಂಡು, ತಾಳ ಹಿಡಿಯಲಿಕ್ಕೆ ಅಲ್ಲ. ಕೋಣೆಯ ಗೋಡೆಗೆಲ್ಲ ಕೌದಿ ತೂಗುಹಾಕಿದ್ದರು, ಸಪ್ಪಳ ಗೋಡೆಗೆ ಬಡಿದು ತಿರುಗಿ ಬರಬಾರದೆಂದು. ನನಗೆ ಆ ಕೌದಿಗಳ ಹೊಲಿಗೆ ನೋಡುವುದರಲ್ಲೇ ಖುಷಿ. ಮಷೀನಿನ ಮುಂದೆ ರಶೀದ್ ಭಾಯಿ ಎಂಬುವವರು ಕೂತಿದ್ದರು. ಹಾಡು ಶುರುವಾಯಿತು, ನಮ್ಮ ಮನೆಯವರಿಗೆ ಕೆಮ್ಮೂ ಶುರುವಾಯಿತು. ನಿಲ್ಲಿಸಿದರು, ನೀರು ಕುಡಿಸಿದರು, ಮತ್ತೆ ಶುರುಮಾಡಿದರು. ಮತ್ತೆ ಕೆಮ್ಮು. ರಶೀದ್ ಭಾಯಿ ಕೈ ಮುಗಿದು, "ಅಣ್ಣಾ, ನೀವು ಜರಾ ಹೊರಗ ಕೂಡ್ರಿ. ಇಲ್ಲಂದ್ರ ಕ್ಯಾಸೆಟ್ಟಿಗಿ ಕೆಮ್ಮಿನ ಔಷಧ ಜೋಡಿ ಕೊಡಬೇಕಾಗ್ತದ" ಎಂದರು.

ದಮ್ಮಡಿಯವರು ಸಂಜೆಯ ಬಸ್ಸಿಗೆ ಹೋಗುವವರು. ಇನ್ನೊಂದು ದಿವಸ ಎಲ್ಲರೂ ಕೂಡುವುದು ಆಗದ ಮಾತು. ಭಾವನವರು ಸುತ್ತ ನೋಡಿ, ರೊಟ್ಟಿ ಗಂಟಿನ ಹತ್ತಿರ ಕೂತ ನನ್ನನ್ನು ಕಂಡರು. "ಇಕಿ ಮನ್ಯಾಗ ದಿನಾ ಮುಚ್ಚಳ ಬಡೀತಾಳಲ್ಲ, ಇಕಿನ್ನೇ ಕೂಡಸ್ರಿ" ಅಂದರು.

ಕೂತೆ. ಆಗ ರಶೀದ್ ಭಾಯಿಯವರದು ಇನ್ನೊಂದು ತಕರಾರು. "ಅಕ್ಕಾ, ಬಳಿ ತೆಗದಿಡ್ರಿ. ಈ ಮೈಕ್ ಭಾಳ ಚಾಡಿಖೋರ ಅದ. ಯಾರ ಏನ್ ಮಾಡಿದ್ರೂ ಹೇಳಿಬಿಡ್ತದ."

"ಗಂಡ ಹೊರಗ ಕುಂತಾರ, ಒಳಗ ನಾ ಕೈಯಾಗಿನ ಬಳಿ ತೆಗೀಲೇನ್ರಿ? ಅದೇನ ಹಾಡಿಗಿ ಛಲೋ ಶಕುನ?" ಅಂದೆ. ಸುಮ್ಮಸುಮ್ಮನೆ ಮುತ್ತೈದೆ ಖಾಲಿ ಕೈ ಮಾಡುತ್ತಾಳೆಯೆ? ಅವರೂ ಮನೆಮಂದಿ ಇದ್ದವರು, ಅರ್ಥವಾಯಿತು. ಬಳೆಗಳನ್ನು ಮೊಣಕೈ ಕಡೆಗೆ ಏರಿಸಿ, ಟವೆಲ್ಲು ಹರಿದು ಸುತ್ತಿದರು. ಗಾಯವಾದವರ ಹಾಗೆ ಕೂತು ನಾನು ತಾಳ ಹಾಕಿದೆ. ಎರಡನೆಯ ಬದಿಯ ಹಾಡಿಗೆ ಬರುವಷ್ಟರಲ್ಲಿ ಆ ಬಟ್ಟೆ ಸಡಿಲಾಗಿ ಬಳೆಗಳು ಮಣಿಕಟ್ಟಿಗೆ ಇಳಿದಿದ್ದವು. ನನಗೆ ತಿಳಿಯಿತು. ಆದರೆ ಭಾವನವರು ಕಣ್ಣು ಮುಚ್ಚಿ ಎಲ್ಲಿಗೋ ಹೋಗಿಬಿಟ್ಟಿದ್ದರು, ನಾನೂ ಅವರ ಹಿಂದೆ ಹೊರಟಿದ್ದೆ. ಬಳೆಗಾಗಿ ಯಾರು ನಿಲ್ಲುತ್ತಾರೆ?

ಕವರು ಮಾತ್ರ ಮೊದಲೇ ಛಾಪಿಸಿ ಬಂದಿತ್ತು. ಹೆಸರು ಯಾರದಾದರೇನು, ಮನೆಯೊಳಗಿನದೇ ಅಲ್ಲವೆ ಎಂದೆ ನಾನು. ಮನಸ್ಸಿನಿಂದಲೇ ಅಂದೆ.

ಆಮೇಲೆ ನಮ್ಮ ಮನೆಯವರನ್ನು ಜನ ಹೊಗಳುವುದಕ್ಕೆ ಶುರುಮಾಡಿದರು. ಮೊದಮೊದಲು ಅವರು "ನಂದಲ್ರಿ ಅದು" ಎನ್ನುತ್ತಿದ್ದರು. ವಿನಯ ಎಂದುಕೊಂಡು ಜನ ಇನ್ನೂ ಹೊಗಳಿದರು. ಮುಂದೆ ಬರೀ ನಗತೊಡಗಿದರು. ಕೆಲವು ವರ್ಷ ಕಳೆದ ಮೇಲೆ, ಎರಡನೆಯ ಬದಿಯಲ್ಲಿ ತಾಳ ಹೇಗೆ ಎತ್ತಿಕೊಂಡೆ ಎಂದು ಕೈ ತಿರುಗಿಸಿ ತೋರಿಸುವುದು ಶುರುವಾಯಿತು. ಸುಳ್ಳು ಹೇಳುವ ಮನುಷ್ಯ ಅಲ್ಲ ಅವರು, ಆಣೆಗೂ ಅಲ್ಲ. ಅಷ್ಟು ಸಲ ಕೇಳಿ ಕೇಳಿ ಅವರಿಗೇ ನಂಬಿಕೆ ಬಂದುಬಿಟ್ಟಿತ್ತು. ನಾನು ಚಹಾದ ಕಪ್ಪು ಜೋರಾಗಿ ಇಡುತ್ತಿದ್ದೆ, ಅಷ್ಟೇ.

ಈಗ ಅಶ್ವಿನಿ ಆ ಆಲ್ಬಮ್ಮನ್ನು ಲಾಸ್‌ಲೆಸ್ ಮಾಡಿ, ಮಠದ ಭಜನೆಯವರಿಗೂ ಬಂಧುಬಳಗಕ್ಕೂ ಕೊಡುತ್ತೇನೆ ಎಂದಳು. ಹೊಸದಾಗಿ ಹೆಸರು ಬರೆಯಬೇಕು. ತಾಳ ಯಾರದು?

"ಕವರ್ ಮ್ಯಾಲ ಅದಲ್ಲ, ಅದೇ ಬರಿ" ಎಂದರು ನಮ್ಮ ಮನೆಯವರು ಪೇಪರಿನಿಂದ ತಲೆಯೆತ್ತದೆ.

ನನ್ನೊಳಗೆ ಏನಾಯಿತೋ. ಇಷ್ಟು ವರ್ಷ ಇಲ್ಲದ ಆಸೆ ಒಮ್ಮೆಲೇ ಎದ್ದು ಕೂತಿತು. "ಅಶ್ವಿನಿ, ಆ ತಾಳ ನಂದು. ನನ್ನ ಹೆಸರು ಬರಿ" ಎಂದೆ.

"ಈ ವಯಸ್ಸಿನ್ಯಾಗ ಇಕಿಗಿ ಹೆಸರಿನ ಹುಚ್ಚು ನೋಡು!"

"ಹುಚ್ಚಲ್ಲ, ಖರೇ ಹೇಳ್ಲತ್ತೀನಿ. ಅವತ್ತು ನೀವು ಕೆಮ್ಮಲತ್ತಿದ್ರಿ."

"ಕೆಮ್ಮು ನಿಂತ ಮ್ಯಾಲ ಒಳಗ ಬಂದಿದ್ನಲ್ಲ?"

ಪಾಪ, ಅವರ ಮುಖ ನೋಡಿದರೆ ನಿಜವಾಗಿಯೂ ಬಂದಿದ್ದೆ ಎಂದೇ ನೆನಪಿದ್ದ ಹಾಗಿತ್ತು. ಭಾವನವರಿಲ್ಲ, ದಮ್ಮಡಿಯವರಿಲ್ಲ, ರಶೀದ್ ಭಾಯಿ ಎಲ್ಲಿದ್ದಾರೋ. ಕೇಳುವುದು ಯಾರನ್ನು? ಅಶ್ವಿನಿ ಎರಡೂ ಕೈ ಎತ್ತಿದಳು. "ಜಗಳ ಬ್ಯಾಡ. ನಾ ಯಾರ ಮಾತೂ ಕೇಳಂಗಿಲ್ಲ. ಹಾಡೇ ಹೇಳ್ಲಿ. ಖರೇ ಪ್ರತಿ ಸಿಕ್ರ ಹಾಡೇ ಎಲ್ಲಾ ಹೇಳ್ತದ."

ಮೊದಲು ಮನೆಯ ಕ್ಯಾಸೆಟ್ಟು. ಅದನ್ನು ನಾವು ಪ್ರೀತಿಯಿಂದಲೇ ಕೊಂದಿದ್ದೆವು. ಬಂದವರಿಗೆಲ್ಲ ಹಚ್ಚಿ ಹಚ್ಚಿ ಪಟ್ಟಿ ಸವೆದು, ಭಾವನವರು ಕೌದಿ ಹೊದ್ದು ಹಾಡಿದಂತೆ ಕೇಳುತ್ತಿತ್ತು. ನನ್ನ ತಾಳ ಕಲ್ಲಿನ ಮೇಲೆ ಬಟ್ಟೆ ಒಗೆದ ಹಾಗೆ, ಟಪ್, ಟಪ್. ಇನ್ನು ನನ್ನ ಬಳೆಯ ಸಪ್ಪಳ ಎಲ್ಲಿಂದ ಕೇಳಬೇಕು?

ಆಮೇಲೆ ಭಾತಂಬ್ರಾದಲ್ಲಿರುವ ನನ್ನ ತಂಗಿಯ ಮಗ, ತನ್ನ ಹತ್ತಿರ ಲಾಸ್‌ಲೆಸ್ ಇದೆಯೆಂದು ಹೆಮ್ಮೆಯಿಂದ ಕಳಿಸಿದ. ಅಶ್ವಿನಿ ಅದನ್ನು ಕಂಪ್ಯೂಟರಿನಲ್ಲಿ ಹಾಕಿ ಚಿತ್ರ ಬಿಡಿಸಿ ತೋರಿಸಿದಳು. ಹಾಡಿಗೂ ಎಕ್ಸರೇ ಇದೆ ಎಂದು ನನಗೆ ಗೊತ್ತಾದದ್ದು ಆಗಲೇ. ಕೆಳಗೆ ದಪ್ಪ ದನಿ, ಮೇಲಕ್ಕೆ ಹೋದಂತೆ ಸಣ್ಣ ದನಿ. ಕೆಂಪು, ಹಳದಿ, ನೀಲಿ. ದೀಪದ ಉರಿ ಎದ್ದ ಹಾಗೆ. ಆದರೆ ಈ ಚಿತ್ರದಲ್ಲಿ ಆ ಉರಿಗಳೆಲ್ಲ ಒಂದೇ ಎತ್ತರಕ್ಕೆ ನಿಂತುಬಿಟ್ಟಿದ್ದವು. ಮೇಲೆ ಕರೀ ಕತ್ತಲೆ.

"ಅಯ್ಯ, ಇದು ತೆನಿ ಕೊಯ್ಕೊಂಡು ಹೋದ ಜ್ವಾಳದ ಹೊಲ ಕಂಡಂಗ ಕಾಣ್ತದಲ್ಲೇ!" ಅಂದೆ.

"ಹಂಗೇ ಆಯಿ! ಯಾರೋ ಮೊದಲು ದಡಿ ಕತ್ತರಿಸ್ಯಾರ, ಆಮ್ಯಾಲ ದೊಡ್ಡ ಪೆಟ್ಟಿಗ್ಯಾಗ ಇಟ್ಟು ಲಾಸ್‌ಲೆಸ್ ಅಂತ ಚೀಟಿ ಹಚ್ಯಾರ. ದೊಡ್ಡ ಪೆಟ್ಟಿಗ್ಯಾಗ ಇಟ್ಟೀವಂತ ಹೋದ ದಡಿ ತಿರುಗಿ ಬರ್ತದೇನು?"

ಆ ಹುಡುಗನಿಗೆ ಫೋನಿನಲ್ಲಿ ಹೇಳಿದರೆ ಒಪ್ಪುವವನಲ್ಲ. "ಏ ಅಶ್ವಿನಿ, ಖೋಟಿ ಹ್ಯಾಂಗ ಆಗ್ತದ? ನನ್ನ ಮೊಬೈಲ್ ಅರ್ಧ ಅದೇ ತುಂಬ್ಯದ!"

"ಕಾಕಾ, ಹೊಟ್ಟು ತುಂಬಿದ ಚೀಲಾನೂ ದೊಡ್ಡದೇ ಕಾಣ್ತದ" ಎಂದಳು ಇವಳು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಎಕ್ಸರೇ ತೆಗೆಯುವ ಹುಡುಗಿ ಇಂಥ ಮಾತು ಎಲ್ಲಿ ಕಲಿತಳೋ. ನನ್ನ ಮುಖ ಮಾತ್ರ ನೋಡಬೇಡಿ, ಹಿಗ್ಗಿ ಹೀರೇಕಾಯಿಯಾಗಿತ್ತು.

ಇನ್ನು ದಾರಿಯಿಲ್ಲ ಎಂದುಕೊಂಡಾಗ ದಾರಿ ತೋರಿಸಿದವರು ಯಾರು ಹೇಳಿ? ನಮ್ಮ ಮನೆಯವರೇ. "ಡಾಬಕಾದ ಮಾಣಿಕಪ್ಪನ ಹತ್ರ ಮೊದಲನೇ ಸಲ ಬಂದ ಕ್ಯಾಸೆಟ್ ಅದ. ಆವಾ ಏನೂ ಹೊರಗ ಒಗೆಯೋ ಮನಷ್ಯಾ ಅಲ್ಲ" ಅಂದರು. ತಮ್ಮ ವಿರುದ್ಧದ ಸಾಕ್ಷಿಗೆ ತಾವೇ ವಿಳಾಸ ಕೊಟ್ಟರು ನೋಡಿ! ಇಂಥ ಹೊತ್ತಿನಲ್ಲೆಲ್ಲ ಆ ಮನುಷ್ಯನ ಮೇಲೆ ನನಗೆ ಸಿಟ್ಟು ನಿಲ್ಲುವುದೇ ಇಲ್ಲ.

ಔರಾದ ಬಸ್ಸು ಹಿಡಿದು, ಅಲ್ಲಿಂದ ಡಾಬಕಾಕ್ಕೆ ನಾನೂ ಅಶ್ವಿನಿಯೂ ಹೋದೆವು. ದಾರಿಯುದ್ದಕ್ಕೂ ತೊಗರಿ ಹೂಬಿಟ್ಟಿತ್ತು. ಕಿಟಕಿಯ ಗಾಜು ಗಡಗಡ ಎನ್ನುವುದನ್ನೂ ಹುಡುಗಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಅದಕ್ಕೂ ಮಾರ್ಕು ಹಾಕಿದಳೇನೋ.

ಮಾಣಿಕಪ್ಪ ನಮ್ಮ ಮನೆಯವರ ಹಳೆಯ ಗೆಳೆಯ. ಗಡಿಯ ಊರಿನವರಾದ್ದರಿಂದ ಅರ್ಧ ಮಾತು ಮರಾಠಿ. "ಯಾ ಯಾ ವೈನಿ, ಬಸಾ!" ಎಂದು ಅತ್ತಿಗೆಯನ್ನು ಕರೆದ ಹಾಗೆ ಒಳಗೆ ಕರೆದು ಕೂಡಿಸಿ, ಚಹಾ ಕೊಡಿಸಿ, ಬಟ್ಟೆಯ ಪೆಟ್ಟಿಗೆಯೊಳಗಿಂದ ಬೇವಿನೆಲೆಯ ನಡುವೆ ಇಟ್ಟಿದ್ದ ಕ್ಯಾಸೆಟ್ಟು ತೆಗೆದರು. "ನನ್ನ ಟೇಪ್‌ರೆಕಾರ್ಡರು ಲಗೂನೇ ಸತ್ತು ಹೋತ್ರಿ. ಕ್ಯಾಸೆಟ್ಟು ಮಾತ್ರ ಹಂಗೇ ಇಟ್ಟೀನಿ. ಕೇಳಿದ್ದು ಥೋಡೆ ಸಲ, ಆದ್ರ ಮರ್ತಿಲ್ಲ. ನಿಮ್ಮ ಮನಿಯವರ ತಾಳ... ವಾಹ್!"

ನಾನು ಚಹಾ ಕುಡಿದೆ. ಅಶ್ವಿನಿ ಮೆಲ್ಲಗೆ ನನ್ನ ಕಾಲು ತುಳಿದಳು.

"ಒಂದು ಮಾತು ಅವನಿಗಿ ಕೇಳ್ಬೇಕಂತ ಇತ್ತು..." ಎಂದು ಮಾಣಿಕಪ್ಪ ತಲೆ ಕೆರೆದುಕೊಂಡರು. "ಹೋಗ್ಲಿ ಬಿಡ್ರಿ. ದೋಸ್ತಿ ಕೆಡಿಸೋ ಮಾತದು."

ಭಾಲ್ಕಿಗೆ ಬಂದು ಅಶ್ವಿನಿ ತನ್ನ ಮಷೀನು ಇಟ್ಟಳು. ಅವಳು ಕೆಲಸ ಮಾಡುವುದನ್ನು ನೀವು ನೋಡಬೇಕಿತ್ತು. ಕಡ್ಡಿಗೆ ಹತ್ತಿ ಸುತ್ತಿ ಮಷೀನಿನ ಬಾಯಿ ಒರೆಸಿದಳು, ಕೂಸಿನ ಕಿವಿ ಒರೆಸಿದ ಹಾಗೆ. ಆಮೇಲೆ ಸಣ್ಣ ಸ್ಕ್ರೂಡ್ರೈವರ್ ಹಿಡಿದು ಒಂದು ಸ್ಕ್ರೂವನ್ನು ಕೂದಲೆಳೆಯಷ್ಟು ಆ ಕಡೆ, ಕೂದಲೆಳೆಯಷ್ಟು ಈ ಕಡೆ. ಪಟ್ಟಿ ಮತ್ತು ಮಷೀನಿನ ತಲೆ ಒಂದಕ್ಕೊಂದು ನೆಟ್ಟಗೆ ಮುಖ ಕೊಟ್ಟು ಕೂರಬೇಕಂತೆ. ಮಂಕಾಗಿದ್ದ ತಾಳ ಒಮ್ಮೆಲೇ ಬಾಯಿ ತೆರೆಯಿತು! ಟಿಂಗ್ ಎಂದದ್ದು ಗಾಳಿಯಲ್ಲಿ ತೇಲಿ ತೇಲಿ ಕರಗುವವರೆಗೂ ಕೇಳಿಸಿತು. "ಸಿಕ್ತು" ಎಂದು ಅವಳು ಉಸಿರು ಬಿಟ್ಟಳು. ಅಷ್ಟು ಹೊತ್ತು ಉಸಿರು ಹಿಡಿದೇ ಇದ್ದಳು, ಹುಚ್ಚು ಹುಡುಗಿ.

ಇಳಿಸಿಕೊಂಡದ್ದನ್ನು ಒಂದು ಕಡೆ ಭದ್ರ ಇಟ್ಟು, ಅದರ ನಕಲು ತೆಗೆದು, ಪಟಪಟ ಎನ್ನುವ ಸಪ್ಪಳಗಳನ್ನು ಯಂತ್ರದಿಂದ ತೆಗೆಸಿದಳು. ಈಗ ಹೆಡ್‌ಫೋನ್ ಬೇಡ ಎಂದು ದೊಡ್ಡ ಸ್ಪೀಕರಿಗೆ ಹಚ್ಚಿದಳು. ಏನು ಹೇಳಲಿ, ತೊಳೆದ ಅಂಗಳ! ಭಾವನವರು ಪಕ್ಕದಲ್ಲೇ ಕೂತು ಹಾಡಿದಂತೆ. ನಮ್ಮ ಮನೆಯವರು ಕುರ್ಚಿ ಮುಂದಕ್ಕೆ ಎಳೆದುಕೊಂಡು, "ಬೆಣ್ಣಿ ಆಗ್ಯದ, ಬೆಣ್ಣಿ!" ಎಂದು ತೊಡೆ ತಟ್ಟಿದರು.

ಎರಡನೆಯ ಬದಿ ಬಂತು. ನಾನು ಕಿವಿಗೊಟ್ಟು ಕೂತೆ. ತಾಳ ಇತ್ತು. ಬಳೆ ಇರಲಿಲ್ಲ.

ಮತ್ತೆ ಹಚ್ಚಿಸಿದೆ. ಇಲ್ಲ.

ಹಾಗಾದರೆ ಬಟ್ಟೆ ಸಡಿಲಾದದ್ದು ನನ್ನ ಕಲ್ಪನೆಯೇ? ಅವರು ಕೆಮ್ಮು ನಿಂತ ಮೇಲೆ ಒಳಗೆ ಬಂದದ್ದು ನಿಜವೇ, ನಾನೇ ಮರೆತೆನೇ? ಅವರ ಹಾಗೆ ನಾನೂ ನಂಬಿಕೊಂಡು ಕೂತವಳೇ? ಏಳಬೇಕೆಂದು ಮೊಣಕಾಲ ಮೇಲೆ ಕೈ ಊರಿದೆ.

"ತಡಿ ಆಯಿ" ಎಂದಳು ಅಶ್ವಿನಿ. "ಕಸ ನೋಡಿಲ್ಲ ಇನ್ನಾ."

ಅದು ಅವಳ ಪದ್ಧತಿ. ಯಂತ್ರ ಕಸವೆಂದು ಏನು ತೆಗೆಯಿತೋ ಅದನ್ನು ಬೇರೆಯಾಗಿ ಕೇಳದೆ ಅವಳು ಎಸೆಯುವುದಿಲ್ಲ. ಅಸಲ್ ಪ್ರತಿಯೊಳಗಿಂದ ತೊಳೆದ ಪ್ರತಿಯನ್ನು ಕಳೆದರೆ, ತೆಗೆದದ್ದಷ್ಟೇ ಉಳಿಯುತ್ತದಂತೆ. ನಮ್ಮವ್ವ ಕೇರಿದ ಮೇಲೆ ಹೊಟ್ಟಿನಲ್ಲಿ ಕೈಯಾಡಿಸದೆ ದನಕ್ಕೆ ಹಾಕುತ್ತಿರಲಿಲ್ಲ. ಮೊರ ಹಿಡಿದು ಗೊತ್ತಿಲ್ಲದ ಈ ಹುಡುಗಿಗೆ ಆ ಗುಣ ಯಾವ ದಾರಿಯಿಂದ ಬಂತೋ!

ಕಸ ಹಚ್ಚಿದಳು.

ಹಾಡಿಲ್ಲ. ಏಕತಾರಿಯಿಲ್ಲ. ಮೊದಲು ಒಂದೆರಡು ಪಟ್ ಪಟ್. ಆಮೇಲೆ, ಖಾಲಿ ಕೋಣೆಯಲ್ಲಿ ಯಾರೋ ಹೆಂಗಸು ಒಬ್ಬಳೇ ಕೂತು ಕೈ ಆಡಿಸಿದ ಹಾಗೆ: ಕಿಣಿ... ಕಿಣಿ... ಕಿಣಿಕಿಣಿ... ಬರೀ ಬಳೆ. ಗಾಜಿನ ಬಳೆ. ತಾಳಕ್ಕೆ ಸರಿಯಾಗಿ, ಒಂದೂ ತಪ್ಪದೆ. ಯಂತ್ರ ನನ್ನ ಬಳೆಗಳನ್ನು ಒಂದೊಂದಾಗಿ ಆರಿಸಿ, ಕಸವೆಂದು ಗುಡಿಸಿ, ಒಂದೆಡೆ ಕೂಡಿಟ್ಟಿತ್ತು!

ನನಗೆ ತಿಳಿಯದಂತೆ ನನ್ನ ಕೈ ತೊಡೆಯ ಮೇಲೆ ಆಡತೊಡಗಿತ್ತು. ಸ್ಪೀಕರಿನೊಳಗಿನ ಬಳೆ ಕಿಣಿ ಎಂದಾಗ ಕೈಯೊಳಗಿನ ಬಳೆಯೂ ಕಿಣಿ ಎಂದಿತು. ನಮ್ಮ ಮನೆಯವರು ಒಮ್ಮೆ ಸ್ಪೀಕರು ನೋಡಿದರು, ಒಮ್ಮೆ ನನ್ನ ಕೈ ನೋಡಿದರು.

"ಮುತ್ಯಾ, ತೊಳದ ಪ್ರತಿ ತಗದು ಒಗೀತೀನಿ" ಎಂದಳು ಅಶ್ವಿನಿ ಅಜ್ಜನಿಗೆ. "ನಂದೇ ತಪ್ಪು. ಬಳಿ ಸಪ್ಪಳ ಇದ್ದುದೇ ಅಸಲಿ. ಅದನ್ನೇ ಇಡ್ತೀನಿ. ಹೆಸರು ಮಾತ್ರ ನೀವು ಹೇಳಿದ ಮ್ಯಾಲೇ ಬರೀತೀನಿ."

ಅವರು ಮೊಬೈಲ್ ತೆಗೆದು ಮಾಣಿಕಪ್ಪನಿಗೆ ಹಚ್ಚಿದರು. ಕಿವಿ ಮಂದವಾಗಿದೆ, ಅದಕ್ಕೆ ಸದಾ ಸ್ಪೀಕರ್ ಮೇಲೆ ಇಟ್ಟೇ ಮಾತು, ಓಣಿಗೆಲ್ಲ ಕೇಳುತ್ತದೆ.

"ಮಾಣಿಕ್ಯಾ, ಆ ಕ್ಯಾಸೆಟ್ಟಿನ್ಯಾಗಿನ ತಾಳ ನಂದಲ್ಲೋ."

ಆ ಕಡೆಯಿಂದ ದೊಡ್ಡ ನಗೆ. "ಹಾಂ! ಅದಕ್ಕೇನೋ ಬಳಿ ಸಪ್ಪಳ! ನಾ ಮೊದಲೇ ಕೇಳಿದ್ದೆ ಮಾರಾಯಾ."

"ಕೇಳಿದ್ರ ಬಾಯಿ ಯಾಕ ಬಿಡ್ಲಿಲ್ಲ?"

"ಹ್ಯಾಂಗ ಬಿಡ್ಲಿ? ಗಂಡಸಿಗಿ ಕೈಯಾಗ ಬಳಿ ಹಾಕ್ಕೊಂಡಿದ್ದಿ ಏನು ಅಂತ ಕೇಳಿದ್ರ ನೀ ಬಡಿಗಿ ತಗೊಂಡು ಡಾಬಕಾಕ್ಕ ಬರ್ತಿದ್ದಿ!"

ಅಶ್ವಿನಿ ನೆಲದ ಮೇಲೆ ಉರುಳಿದಳು. ನಾನು ಕಣ್ಣೀರು ಬರುವಂತೆ ನಕ್ಕೆ. ನಕ್ಕದ್ದಕ್ಕೇ ಕಣ್ಣೀರು ಬಂತು ಎಂದು ಬರೆಯುತ್ತೇನೆ, ನೀವು ಹೆಚ್ಚು ಕೇಳಬೇಡಿ. ನಮ್ಮ ಮನೆಯವರೂ ನಕ್ಕರು, ನಕ್ಕು ಕೆಮ್ಮಿದರು, ಕೆಮ್ಮಿ ನೀರು ಕುಡಿದರು. ಲೋಟ ಕೆಳಗಿಟ್ಟು, "ಬರಿ" ಎಂದರು.

"ಏನ್ ಬರೀಲಿ ಮುತ್ಯಾ?"

"ತಾಳ..." ಎಂದು ನಿಂತರು. ಮದುವೆಯಾದಾಗಿನಿಂದ ನಾನು ಅವರಿಗೆ 'ಏ, ಕೇಳ್ಲತ್ತಿ ಏನು', ಹಿರಿಮಗ ಹುಟ್ಟಿದ ಮೇಲೆ 'ಅಶೋಕನ ಅವ್ವ', ಈಗ 'ನಿಮ್ಮ ಆಯಿ'. ನನ್ನ ಕಡೆ ನೋಡಲಿಲ್ಲ, ಗೋಡೆಯ ಕಡೆ ನೋಡಿ ಹೇಳಿದರು. "ಚಂದ್ರಮ್ಮ. ತಾಳ, ಚಂದ್ರಮ್ಮ ಅಂತ ಬರಿ."

ಅಬ್ಬಾ, ನನ್ನ ಹೆಸರು ಇಷ್ಟು ಚಂದ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ!

ಅಶ್ವಿನಿ ಟಕಟಕ ಬರೆದಳು. ಆಮೇಲೆ ಅಜ್ಜನ ಮುಖ ನೋಡಿ, ಮೆತ್ತಗೆ ಕೇಳಿದಳು. "ಮತ್ತ ನಿಮ್ಮ ಹೆಸರು, ಮುತ್ಯಾ? ನೀವೇನು ಮಾಡಿದ್ರಿ ಅವತ್ತು?"

ಅವರು ಬಹಳ ಹೊತ್ತು ಯೋಚಿಸಿದರು. ಮಗು ಲೆಕ್ಕ ಮಾಡುವಾಗ ಮೇಲೆ ನೋಡುತ್ತದಲ್ಲ, ಹಾಗೆ.

"ನಾ ಹೊರಗ ಮೆಟ್ಟಲ ಮ್ಯಾಲ ಕುಂತು ಕೇಳಿದೆ" ಎಂದರು. "ಎಲ್ಲಾರಕಿಂತ ಮೊದಲ ಕೇಳಿದವಾ ನಾನೇ."

ಅದನ್ನೂ ಹಾಗೆಯೇ ಬರೆದಿದ್ದಾಳೆ. ಹಾಡಿದವರು, ದಮ್ಮಡಿ, ತಾಳ, ಅದರ ಕೆಳಗೆ 'ಮೊದಲು ಕೇಳಿದವರು' ಎಂದು ಬರೆದು ಮುಂದೆ ಒಂದು ಹೆಸರು. ಮಠದವರ ಹತ್ತಿರ ಹೋದರೆ ಕೊಡುತ್ತಾರೆ, ಒಂದೆಳೆಯೂ ಕಡಿಮೆಯಿಲ್ಲದ ಪ್ರತಿ. ಆ ಹೆಸರು ಅಲ್ಲೇ ಓದಿಕೊಳ್ಳಿ. ಗಂಡನ ಹೆಸರು ನನ್ನ ಬಾಯಿಂದ ಮಾತ್ರ ಹೇಳಿಸಬೇಡಿ, ನನಗೆ ನಾಚಿಕೆಯಾಗುತ್ತದೆ.